ಹತ್ತಿರದ ಮನುಷ್ಯ

"ಒಡೀರಿ! ಗ್ಲಾಸ್ ಒಡೀರಿ!"

ಮುಚ್ಚಿದ ಕಾರಿನೊಳಗಿಂದ ಆಕೆ ಕಿರುಚುತ್ತಿದ್ದಳು. ದನಿ ಹೊರಗೆ ಬರುತ್ತಿರಲಿಲ್ಲ. ತುಟಿ ನೋಡಿ ತಿಳಿದುಕೊಂಡೆ.

ಮೇಲಿನ ತಿರುವಿನಲ್ಲಿ ಲಾರಿಯ ಹಾರನ್... ಮಂಜಿನಲ್ಲಿ ಲಾರಿ ಕಾಣುತ್ತಿಲ್ಲ. ಸದ್ದು ಮಾತ್ರ ಇಳಿದು ಬರುತ್ತಿದೆ!

ಕಾರು ರಸ್ತೆಯ ನಟ್ಟನಡುವೆ ನಿಂತಿತ್ತು. ಎಂಜಿನ್ ಬಂದ್. ನಾಲ್ಕೂ ಬಾಗಿಲು ಲಾಕ್.

ನನ್ನ ಕಿವಿಗೆ ಸಿಕ್ಕಿಸಿದ ಫೋನಿನಲ್ಲಿ ರುದ್ರೇಶ ಒದರುತ್ತಿದ್ದ. "ಏ ಈರೇಶ! ಗ್ಲಾಸಿಗೆ ಕೈ ಹಚ್ಚೀದಿ ನೋಡ್ ಮತ್ತ!"

"ಲಾಕ್ ತಗೀರಿ, ಸಾಹೇಬ್ರ!"

"ನನ್ನ ಕೈಯಾಗ ಏನೈತಿ? ಎಲ್ಲಾ ಆಟೋಮ್ಯಾಟಿಕ್! ಮಷೀನ್ ತಾನ ತಗೀತೈತಿ, ತಡಿ!"

ತಡಿ ಅಂತೆ!

ಈ ಈರೇಶ ಯಾರು ಅಂತೀರಾ? ನಾನೇ. ದಾಂಡೇಲಿಯಲ್ಲಿ ರುದ್ರೇಶ ಬಾಡಿಗೆಗೆ ಕಾರು ಬಿಡುತ್ತಾನೆ. ಹೋದ ಕಾರು ಬಾರದಿದ್ದರೆ ತರುವವನು ನಾನು. ಕೇಳಿ ತರುತ್ತೇನೆ. ಕೊಡದಿದ್ದರೆ ಕೇಳದೆ ತರುತ್ತೇನೆ. ಬಾಡಿಗೆ ಖೋಲಿಯಲ್ಲಿ ಒಬ್ಬನೇ ಇದ್ದೇನೆ. ಕಾಯುವವರು ಯಾರೂ ಇಲ್ಲ. ದಿನಕ್ಕೊಮ್ಮೆಯಾದರೂ ನನ್ನ ಹೆಸರು ಹಿಡಿದು ಕರೆಯುವುದು ಈ ಫೋನು ಒಂದೇ.

ರುದ್ರೇಶ ಪ್ರತಿ ಗಾಡಿಗೂ ಒಂದು ಡಬ್ಬಿ ಹಾಕಿಸಿದ್ದ. ಗಾಡಿ ಗೋವಾ ಗಡಿ ದಾಟಿತೋ, ಎಂಜಿನ್ ಬಂದ್. ಆಮೇಲೆ ಬಾಗಿಲು ಲಾಕ್. ಒಳಗಿಂದಲೂ ತೆಗೆಯಲು ಬರುವುದಿಲ್ಲ. ಕಳ್ಳ ಒಳಗೇ ಕೊಳೆಯಲಿ ಅಂತ!

ಆವತ್ತು ಮಧ್ಯಾಹ್ನ ಫೋನು ಬಡಿದುಕೊಂಡಿತು. ಕಾರು ಕಳುವು... ಗೋವಾದಲ್ಲಿದೆ... ಹಿಡಿ!

ಜೀಪು ಹತ್ತಿದೆ. ಜೋಯಿಡಾ ದಾಟಿದೆ. ರಾಮನಗರ ದಾಟಿ ಅನಮೋಡದ ಕಾಡು ಹೊಕ್ಕೆ. ಫೋನಿನ ನಕ್ಷೆಯಲ್ಲಿ ಕಾರಿನ ಕೆಂಪು ಚುಕ್ಕೆ ಗಡಿಯಾಚೆಗೆ ತೋರಿಸುತ್ತಿತ್ತು. ಕಣ್ಣು ಅದರ ಮೇಲೆಯೇ ಇಟ್ಟಿದ್ದೆ.

ಟೈರಿನಡಿ ಏನೋ ಲಟಕ್ ಅಂದಿತು.

ಹಸಿರು ಟೊಂಗೆ!

ಬ್ರೇಕ್ ಒತ್ತಿದೆ. ಗಾಡಿ ಕೆಟ್ಟು ನಿಂತರೆ ಹಿಂದೊಂದು ಮುಂದೊಂದು ಸೊಪ್ಪಿನ ಟೊಂಗೆ ಹಾಕುವುದು ಈ ಕಡೆಯ ಡ್ರೈವರುಗಳ ಪದ್ಧತಿ. ಟೊಂಗೆ ಕಂಡರೆ ಮುಂದೆ ಯಾರೋ ಸಿಕ್ಕಿಕೊಂಡಿದ್ದಾರೆ ಅಂತಲೇ ಅರ್ಥ. ಎರಡು ಮಾರು ಮುಂದೆ ಅದೇ ಕಾರು. ಗಡಿಯ ಈಚೆಗೇ! ಒಳಗೆ ಕಳ್ಳನಿರಲಿಲ್ಲ. ಈ ಹೆಣ್ಣುಮಗಳು ಇದ್ದಳು.

ಹಾರನ್ ಈಗ ಕಿವಿಗೇ ಬಡಿಯಿತು.

ಜೀಪಿನಿಂದ ಚಕ್ರ ಬಿಚ್ಚುವ ಕಬ್ಬಿಣದ ಪಾನಾ ತಂದೆ. ಬೀಸಿದೆ. ಗ್ಲಾಸ್ ಪುಡಿಪುಡಿ! ಪಾನಾ ಅಲ್ಲೇ ಎಸೆದೆ. ಆಕೆಯ ಎರಡೂ ರಟ್ಟೆ ಹಿಡಿದು ಎಳೆದೆ. ಇಬ್ಬರೂ ಚರಂಡಿಗೆ ಬಿದ್ದೆವು.

ಮಂಜು ಸೀಳಿಕೊಂಡು ಲಾರಿ ಬಂತು. ಬ್ರೇಕ್ ಚೀರಿತು... ಆದರೂ ಒದ್ದೆ ಇಳಿಜಾರಿನಲ್ಲಿ ಜಾರಿ ಕಾರಿಗೆ ಗುದ್ದಿ, ತಳ್ಳಿಕೊಂಡು ಹೋಗಿ ಮರಕ್ಕೆ ಒತ್ತಿಯೇ ನಿಂತಿತು.

ಫೋನಿನಲ್ಲಿ ರುದ್ರೇಶನ ಕೂಗು. "ಗಾಡಿ ಅಲ್ಲಾಡ್ಲಿಕ್ಕತ್ತೈತಿ! ಕಳ್ಳ ಓಡಾಕತ್ತಾನ, ಹಿಡಿಯೋ!"

ಕಿವಿಯಿಂದ ಕಿತ್ತು ಜೇಬಿಗೆ ತುರುಕಿದೆ.

ಲಾರಿಯಿಂದ ಮುದುಕರೊಬ್ಬರು ಇಳಿದು ಓಡಿಬಂದರು. "ಇಶ್ರತ್! ಬೇಟಾ!"

"ಅಬ್ಬಾ..."

ಅವರು ಶಮಶುದ್ದೀನ ಚಾಚಾ, ಆಕೆಯ ಅಪ್ಪ. ಎಂಜಿನ್ ನಿಂತ ಕೂಡಲೇ ಟೊಂಗೆ ಹಾಕಲು ಇಳಿದಿದ್ದರು. ಬಾಗಿಲು ಹಾಕಿದ್ದೇ ತಡ, ಲಾಕ್! ಕಲ್ಲು ತಗೊಂಡು ಬಡಿದರೂ ಗ್ಲಾಸ್ ಒಡೆದಿರಲಿಲ್ಲ. ಮೇಲಿನ ತಿರುವಿಗೆ ಓಡಿ ಅಲ್ಲೂ ಟೊಂಗೆ ಹಾಕಿ, ಬಹಳ ಹೊತ್ತು ಕಾದು, ಕೊನೆಗೆ ಬಂದ ಲಾರಿಗೆ ಅಡ್ಡ ನಿಂತು ಕೈ ಬೀಸಿದ್ದರು. ಲಾರಿಯವನು ಅವರನ್ನು ಹತ್ತಿಸಿಕೊಂಡು ಇಳಿದಿದ್ದ. ನಿಧಾನವಾಗಿಯೇ ಇಳಿದಿದ್ದ. ಇಲ್ಲದಿದ್ದರೆ ನಾವಿಬ್ಬರೂ ಇರುತ್ತಿರಲಿಲ್ಲ.

"ಗೋವಾಕ್ಕ ಹೊಂಟಿದ್ರೇನ್ರಿ ಅಕ್ಕಾ?"

"ಇಲ್ರಿ ಅಣ್ಣಾ. ನಮ್ಮ ಮನಿಯವ್ರು ಗೋವಾ ಬಸ್ಸಿಂದ ಅನಮೋಡಕ್ಕ ಇಳೀತಾರ. ಚೆಕ್‌ಪೋಸ್ಟಿಗೆ ಹೋಗಿ ಕರಕೊಂಡ ಬರಾಕ ಹೊಂಟಿದ್ವಿ. ಗಾಡಿ ಬಾಡಿಗಿ ಕೊಟ್ಟವ್ರು ಗಡಿ ಆಚಿ ಹೋಗಬ್ಯಾಡ ಅಂದಿದ್ರು, ಹೋಗಿಲ್ಲ."

ನನ್ನ ಜೇಬಿನಲ್ಲಿ ಫೋನು ಗುಂಯ್ ಅಂದಿತು. ತೆಗೆದು ನೋಡಿದೆ. ಗೋವಾಕ್ಕೆ ಸ್ವಾಗತ!

ಅಷ್ಟೇ ವಿಷಯ. ಈ ತಿರುವಿನಲ್ಲಿ ಆಚೆಯ ಟವರ್ ಸಿಗುತ್ತದೆ. ಡಬ್ಬಿ ಅದನ್ನೇ ನಂಬಿತು. ರುದ್ರೇಶ ಡಬ್ಬಿಯನ್ನು ನಂಬಿದ. ನಾನು ರುದ್ರೇಶನನ್ನು ನಂಬಿದೆ.

"ಗಾಡಿಯಾಗ ಅಂಟಿಸಿದ್ದ ಸಹಾಯದ ನಂಬರಿಗೆ ಫೋನ್ ಮಾಡಿದ್ನಿರಿ," ಅಂದಳು ಇಶ್ರತ್. "ಹತ್ತಿರದ ಮನುಷ್ಯಾನ್ನ ಕಳಿಸೇವಿ ಅಂತು. ನೀವ ಏನ್ರಿ?"

ಕಾರು ಕಸಿಯಲು ಬಂದವನು ಅಂತ ಹೇಗೆ ಹೇಳಲಿ? ಹೌದೆಂದು ತಲೆ ಆಡಿಸಿದೆ. ನಾಚಿಕೆಯಾಯಿತು.

"ಬರ್ರಿ, ಅನಮೋಡಕ್ಕ ಬಿಡ್ತೇನಿ."

ಚಾಚಾ ಜೀಪಿನ ಕಡೆ ನೋಡಿದರು. "ಇದರಾಗೂ ಆ ತಾನ ಲಾಕ್ ಆಗೋ ಮಷೀನ್ ಐತೇನಪಾ?"

"ಐತ್ರಿ."

"ಹಂಗಾರ ಬ್ಯಾಡ. ನಡಕೊಂತ ಹೋಗ್ತೇವಿ. ಅಳಿಯಾ ದಾರಿ ಕಾಯಾಕತ್ತಿರತಾನ."

ಅಪ್ಪ ಮಗಳು ಕೈ ಹಿಡಿದುಕೊಂಡು ಮಂಜಿನಲ್ಲಿ ಹೊರಟರು. ಅವರ ಮಾತು ಕೇಳಿಸುತ್ತಿದ್ದಷ್ಟು ಹೊತ್ತೂ ನಿಂತಿದ್ದೆ. ಲಾರಿಯೂ ಹೋಯಿತು. ಆ ಕಾಡಿನಲ್ಲಿ ನನ್ನಷ್ಟು ಒಂಟಿ ಬೇರೆ ಯಾರೂ ಇರಲಿಲ್ಲ.

ಮಳೆ ಹನಿಯಿತು. ಜೀಪು ಹತ್ತಿ ಗ್ಲಾಸ್ ಏರಿಸಿದೆ. ತಿರುಗಿಸಲು ಜಾಗ ಬೇಕಿತ್ತು. ಚಾಚಾ ಹಾಕಿದ ಮೇಲಿನ ಟೊಂಗೆಯನ್ನೂ ದಾಟಿ, ಗಡಿಗೆ ಇನ್ನೂ ಹತ್ತಿರ ಹೋದೆ.

ಎಂಜಿನ್ ಬಂದ್!

ಬಾಗಿಲಿಗೆ ಕೈ ಹಾಕುವಷ್ಟರಲ್ಲಿ... ಟುಕ್. ನಾಲ್ಕೂ ಲಾಕ್.

ಪಾನಾ ಕೆಳಗೆ ರಸ್ತೆಯಲ್ಲಿ ಬಿದ್ದಿತ್ತು. ನನ್ನ ಮುಂದೆ ಟೊಂಗೆ ಹಾಕುವವರು ಯಾರೂ ಇರಲಿಲ್ಲ.

ಅದೇ ಸಹಾಯದ ನಂಬರಿಗೆ ಫೋನ್ ಮಾಡಿದೆ. ಮಷೀನಿನ ಹೆಣ್ಣುದನಿ ಜೇನಿನಂತಿತ್ತು.

"ಹೆದರಬೇಡಿ. ನಿಮಗೆ ಹತ್ತಿರದಲ್ಲಿರುವ ನಮ್ಮ ಮನುಷ್ಯ ಈರೇಶ ಹೊರಟಿದ್ದಾರೆ. ತುರ್ತಿದ್ದರೆ ಅವರ ನಂಬರಿಗೇ ಕರೆ ಮಾಡಿ."

ದೂರದಲ್ಲಿ ಇನ್ನೊಂದು ಹಾರನ್ ಕೇಳಿಸಿತು...

ಈರೇಶನಿಗೆ ಫೋನ್ ಹಚ್ಚಿದೆ. ಬಿಜಿ ಬಂತು!