ಕೊಕ್ಕೆಗೆ ಸಂದ ಪಾಯಸ

ಗುರುಗ್ರಹದ ಚಂದ್ರ ಯುರೋಪಾದ ಮೇಲೆ ಜಾರುಮಾಪಕ ಮೊದಲ ಬಾರಿಗೆ ಕೆಲಸ ಆರಂಭಿಸಿತು. ಹಿಮದ ಹೊದಿಕೆಯನ್ನು ಕೊರೆದು, ಅದರಡಿಯ ಕಡಲನ್ನು ದಾಟಿ, ತಳದ ಬಂಡೆಗೆ ಕೊಕ್ಕೆ ಹಾಕಿ ನಿಲ್ಲುವ ಕೂದಲಿನಷ್ಟು ತೆಳುವಾದ ತಂತಿ ಅದು. ಮೇಲಿನ ಹಿಮ ಬಂಡೆಗಿಂತ ತುಸು ಮುಂದೆ ಸರಿದರೂ ತಂತಿ ವಾಲುತ್ತದೆ, ಪರದೆಯ ಮೇಲೆ ಅಂಕಿ ಏರುತ್ತದೆ. ಅಂಕಿ ಏರಿತು. ಸಂಶೋಧನಾ ನೆಲೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ವಿಜ್ಞಾನಿ ವಾಮನಮೂರ್ತಿಗಳೂ ತಟ್ಟಿದರು, ಹೊಟ್ಟೆ ಮಾತ್ರ ಧಗಧಗ ಉರಿಯುತ್ತಿತ್ತು.

ಗುರುವಿನ ಸೆಳೆತ ಈ ಚಂದ್ರನನ್ನು ಬಿಗಿಹಿಡಿದಿದೆ, ಅದರ ಒಂದೇ ಮುಖ ಸದಾ ಗುರುವಿನತ್ತ ಎಂದು ಜೀವನವಿಡೀ ಪಾಠ ಹೇಳಿದವರು ಅವರು. ಈಗ ಅವರದೇ ಶಿಷ್ಯೆ ಮಂದಾಕಿನಿ, ಹಿಮದ ಹೊದಿಕೆಯಷ್ಟೇ ಬೇರೆಯಾಗಿ ಜಾರುತ್ತಿದೆ ಎಂದು ತೋರಿಸಿಬಿಟ್ಟಿದ್ದಳು. ನೆಲೆಯ ಪದ್ಧತಿಯಂತೆ ಹೊಸದನ್ನು ಕಂಡವರಿಗೇ ಪಾಯಸದ ಮೊದಲ ಬಟ್ಟಲು, ಆ ಸಂಗತಿಗೂ ಅವರದೇ ಹೆಸರು. ಆ ಬಟ್ಟಲು ವಾಮನಮೂರ್ತಿಗಳಿಗೆ ಒಮ್ಮೆಯೂ ದಕ್ಕಿರಲಿಲ್ಲ.

"ಐಸು ಹೆಂಗ ಜಾರ್ತೈತ್ರೀ ಸರ?" ಎಂದು ಅಡುಗೆಯ ನೀಲವ್ವ ಕೇಳಿದಳು.

"ಗುರು ಎಳೆದೆಳೆದು ಈ ಚಂದ್ರನ ಒಡಲನ್ನು ನಾದುತ್ತದೆ ನೀಲವ್ವ. ಅದರಿಂದ ಒಳಗೆ ಬಿಸಿ ಹುಟ್ಟಿ ಕಡಲು ನೀರಾಗಿಯೇ ಉಳಿದಿದೆ. ಹಿಮ ಅದರ ಮೇಲೆ ತೇಲುತ್ತಿದೆ, ಹಾಲಿನ ಮೇಲಿನ ಕೆನೆಯ ಹಾಗೆ. ಆದರೆ ತೇಲಿದರೆ ಸಾಕೇ? ತಳ್ಳುವವರು ಯಾರು? ಅದನ್ನು ಮಾತ್ರ ಅವಳು ಹೇಳಲಾರಳು!"

"ಅದಕ್ಕ ನಿಮಗ್ಯಾಕ್ರೀ ಇಷ್ಟ್ ಖುಷಿ?"

ಎಲ್ಲರೂ ಊಟಕ್ಕೆ ಹೋದಾಗ ವಾಮನಮೂರ್ತಿಗಳು ಕೊಕ್ಕೆ ಬಿಚ್ಚುವ ಗುಂಡಿ ಒತ್ತಿದರು. ಬಂಡೆಯ ಹಿಡಿತ ತಪ್ಪಿದ ತಂತಿ ನೆಟ್ಟಗೆ ಇಳಿಬಿದ್ದು ಅಂಕಿ ಸೊನ್ನೆಗೆ ಬರಬೇಕು, ಯಂತ್ರವೇ ಸುಳ್ಳು ಹೇಳಿತೆಂದು ಎಲ್ಲರೂ ನಂಬಬೇಕು. ಇದು ಅವರ ಲೆಕ್ಕಾಚಾರ.

ಅಂಕಿ ಸೊನ್ನೆಗೆ ಬರಲಿಲ್ಲ. ತಂತಿ ಹಿಮ ಜಾರುತ್ತಿದ್ದ ಪೂರ್ವ ದಿಕ್ಕಿಗೇ ಬಾಗಿ, ಬಾಗಿಯೇ ನಿಂತಿತು.

ಊಟ ಮುಗಿಸಿ ಬಂದ ಮಂದಾಕಿನಿ ಪರದೆ ನೋಡಿ ಕೂಗಿಕೊಂಡಳು. "ಸರ್, ಕೊಕ್ಕೆ ಬಿಟ್ಟುಹೋಗಿದೆ! ತಂತಿಯನ್ನ ನೀರು ಎಳೀತಾ ಇದೆ! ಒಳಗಿನ ಬಿಸಿಗೆ ಕಡಲೇ ಹರೀತಿದೆ ಸರ್, ಹಿಮವನ್ನ ತಳ್ತಿರೋದು ಅದೇ. ತಂತಿ ಬಿಗಿಯಾಗಿದ್ದಾಗ ನಮಗೆ ಗೊತ್ತೇ ಆಗಲಿಲ್ಲ." ಅವಳ ಕಣ್ಣು ತುಂಬಿತ್ತು. "ನಾನು ಕಂಡಿದ್ದು ಬರೀ ಅಂಕಿ. ನಿಜವಾದ ಶೋಧ ಇದು. ಬೇಕಂತಲೇ ಯಾರಾದ್ರೂ ಬಿಚ್ಚಿದ್ದಿದ್ರೆ ಈ ಹರಿವಿಗೆ ಅವರ ಹೆಸರನ್ನೇ ಇಡ್ತಿದ್ದೆ."

ನಾಲಿಗೆಯ ತುದಿಗೆ ಬಂದ ಮಾತನ್ನು ವಾಮನಮೂರ್ತಿಗಳು ನುಂಗಿಕೊಂಡರು. ಬಿಚ್ಚಿದವನು ನಾನೇ ಎಂದರೆ, ಯಾಕೆ ಬಿಚ್ಚಿದೆ ಎಂಬುದನ್ನೂ ಹೇಳಬೇಕಾಗುತ್ತಿತ್ತು.

ಹರಿವಿಗೆ 'ಕೊಕ್ಕೆ ಪ್ರವಾಹ' ಎಂದು ಹೆಸರಾಯಿತು. ತಂತಿಯನ್ನು ಮೇಲೆಳೆದ ದಿನ, ಪದ್ಧತಿ ತಪ್ಪಬಾರದೆಂದು ಮಂದಾಕಿನಿ ಕೊಕ್ಕೆಯನ್ನು ಒರೆಸಿ ಊಟದ ಮೇಜಿನ ಮೇಲಿಟ್ಟಳು. ನೀಲವ್ವ ಶಾವಿಗೆ ಪಾಯಸದ ಮೊದಲ ಬಟ್ಟಲನ್ನು ಅದರ ಮುಂದೆ ಇಟ್ಟಳು. ಎಲ್ಲರೂ ನಕ್ಕರು.

ಎರಡನೆಯ ಬಟ್ಟಲು ವಾಮನಮೂರ್ತಿಗಳಿಗೆ ಬಂತು. ಅದನ್ನು ಮುಟ್ಟದೆ ಕುಳಿತು, ಅವರು ಒಂದು ಲೋಹದ ತುಂಡನ್ನು ನೋಡಿ ಹೊಟ್ಟೆ ಉರಿದುಕೊಂಡರು.