ಲೆಕ್ಕಕ್ಕೆ ಬಾರದ ಉಲ್ಲೇಖಗಳು

"ಒಲ್ಫಾ ಮೇಡಂ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ನೌಫೆಲ್ ಅನ್ನೋರು ನಿಮಗೆ ಏನಾಗ್ಬೇಕು?"

ನಾವೆಲ್ಲ ಗೌರವಕ್ಕೆ 'ಸೀ' ಸೇರಿಸಿ ಕರೆಯುವ ಹೆದಿ ಕನ್ನಡಕವನ್ನು ಹಣೆಗೇರಿಸಿಕೊಂಡು ಕೇಳಿದ ಧಾಟಿಗೆ ನನ್ನ ಕೈಯಲ್ಲಿದ್ದ ಚಹಾ ತುಳುಕಿತು. ಬಂದರು ನಗರ ಸ್ಫಾಕ್ಸ್‌ನ ನಮ್ಮ ವಿಜ್ಞಾನ ಫ್ಯಾಕಲ್ಟಿಯ ಗ್ರಂಥಾಲಯದಲ್ಲಿ ಅಧ್ಯಾಪಕರ ಲೇಖನಗಳನ್ನು ಎಣಿಸುವುದು, ಅವನ್ನು ಯಾರು ಎಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆಂದು ಅಳೆಯುವುದು ಆತನ ಕೆಲಸ. ಬಡ್ತಿ ಬೇಕಾದವರೆಲ್ಲ ಒಂದಲ್ಲ ಒಂದು ದಿನ ಆತನ ಮೇಜಿನ ಮುಂದೆ ಮಕ್ಕಳ ಹಾಗೆ ಕೂರಲೇಬೇಕು.

"ಏನೂ ಆಗ್ಬೇಕಿಲ್ಲ. ಅವನು ನನ್ನ ಶತ್ರು," ಎಂದೆ.

"ಹಾಗಾದ್ರೆ ಶತ್ರುವಿನ ದಯೆಯಿಂದ ಪ್ರೊಫೆಸರ್ ಆಗ್ತಿದೀರಿ. ನೋಡಿ ಇಲ್ಲಿ."

ಪರದೆಯನ್ನು ನನ್ನ ಕಡೆ ತಿರುಗಿಸಿದ. ಬಡ್ತಿಗೆ ನನ್ನ ಎಚ್-ಸೂಚ್ಯಂಕ ಹತ್ತು ಇರಬೇಕಿತ್ತು. ಅಂದರೆ ಹತ್ತು ಲೇಖನಗಳು, ಒಂದೊಂದನ್ನೂ ಬೇರೆಯವರು ಹತ್ತು ಸಲವಾದರೂ ಹೆಸರಿಸಿರಬೇಕು. ನನ್ನದು ಕೂದಲೆಳೆಯಷ್ಟೂ ಹೆಚ್ಚಿಲ್ಲದೆ ಹತ್ತೇ ಇತ್ತು. ಅದರಲ್ಲಿ ಅರ್ಧಕ್ಕರ್ಧ ಉಲ್ಲೇಖಗಳು ದೂರದ ಝರ್ಝೀಸ್ ಊರಿನ ಈ ಒಬ್ಬನೇ ಮನುಷ್ಯನವು. ಒಂದು ಲೇಖನ ಬರೆದರೆ ನನ್ನ ನಾಲ್ಕೈದನ್ನು ಎಳೆದು ತರುತ್ತಿದ್ದ. ಅವನನ್ನು ಕಳೆದರೆ ನಾನು ಆರಕ್ಕಿಳಿಯುತ್ತಿದ್ದೆ.

"ಒಬ್ಬನೇ ಇಷ್ಟು ಸಲ ಬರೆದ್ರೆ ಸಮಿತಿಯೋರು ಒಳಒಪ್ಪಂದ ಅಂತಾರೆ. ನೀನು ನನ್ನ ಹೊಗಳು, ನಾನು ನಿನ್ನ ಹೊಗಳ್ತೀನಿ ಅನ್ನೋ ಥರ."

"ಹೊಗಳೋದಾ? ಒಂದನ್ನಾದ್ರೂ ಓದಿದೀರಾ ಸೀ ಹೆದಿ? 'ಒಲ್ಫಾ ಅವರ ಅಂದಾಜಿಗೆ ನಮ್ಮ ಅಳತೆಯಲ್ಲಿ ಆಧಾರವಿಲ್ಲ.' 'ಒಲ್ಫಾ ಅವರ ತೀರ್ಮಾನ ಅವಸರದ್ದು.' ಒಂಬತ್ತು ವರ್ಷದಿಂದ ಬೈತಾನೇ ಇದಾನೆ!"

"ಯಂತ್ರಕ್ಕೆ ಬೈಗುಳ ಯಾವುದು, ಮುದ್ದು ಯಾವುದು ಅಂತ ಗೊತ್ತಾಗಲ್ಲ ಮೇಡಂ. ನನ್ನ ಹೆಂಡತಿ ವಿಷಯದಲ್ಲಿ ನನಗೇ ಗೊತ್ತಾಗಲ್ಲ." ಆತ ತಾನೇ ನಕ್ಕು, ಆಮೇಲೆ ಗಂಭೀರನಾದ. "ಸಂಬಂಧಿಕರಾದ್ರೆ ಮಾತ್ರ ಕಷ್ಟ. ಗಂಡ, ತಮ್ಮ, ಮದುವೆ ಗೊತ್ತಾದವರು... ಅವರು ಬರೆದಿದ್ದು ನಮ್ಮನ್ನ ನಾವೇ ಉಲ್ಲೇಖ ಮಾಡ್ಕೊಂಡಂಗೆ. ಸಮಿತಿ ಕೂತ ದಿನ ಸಂಬಂಧ ಇದ್ರೆ ಸಾಕು, ಹಳೇದನ್ನೂ ಹೊಡೆದು ಹಾಕ್ತಾರೆ."

"ಆ ಚಿಂತೆ ನಿಮಗೆ ಬೇಡ," ಎಂದು ನಾನೂ ನಕ್ಕೆ.

ಪ್ರೊಫೆಸರ್ ಎಂಬ ಹೆಸರಿನ ಆಸೆ ನನಗೆ ಅಷ್ಟೇನೂ ಇರಲಿಲ್ಲ. ಆದರೆ ಪ್ರೊಫೆಸರ್ ಆದರೆ ಕೆರ್ಕೆನ್ನಾ ದ್ವೀಪದಲ್ಲಿ, ನನ್ನಮ್ಮ ಹುಟ್ಟಿದ ಊರಲ್ಲಿ, ಒಂದು ಪುಟ್ಟ ಸಂಶೋಧನಾ ಕೇಂದ್ರ ನನಗೆ ಸಿಗುತ್ತಿತ್ತು. ಅಷ್ಟಪದಿಗಳನ್ನು, ಅಂದರೆ ಎಂಟು ಕಾಲಿನ ಆಕ್ಟೋಪಸ್‌ಗಳನ್ನು, ಅಳೆಯಲು ಒಂದು ಕೋಣೆ, ಸಮುದ್ರದ ಕಡೆ ತೆರೆಯುವ ಒಂದು ಕಿಟಕಿ. ಅದಕ್ಕಾಗಿ ನಾನು ಪ್ರಾಯವನ್ನೆಲ್ಲ ಸವೆಸಿದ್ದೆ.

ಆ ನವೆಂಬರ್‌ನಲ್ಲಿ ಮೀನುಗಾರಿಕೆಯ ವಿಚಾರಗೋಷ್ಠಿಗೆ ನೌಫೆಲ್ ಸ್ಫಾಕ್ಸ್‌ಗೆ ಬಂದ. ನಾನು ಒಬ್ಬ ಸಿಡುಕು ಮುದುಕನನ್ನು ಕಲ್ಪಿಸಿಕೊಂಡಿದ್ದೆ. ಬಂದವನು ನನ್ನದೇ ವಯಸ್ಸಿನ, ಬಿಸಿಲಿಗೆ ಕಂದಿದ ಮುಖದ, ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡ ಗಂಡಸು. ಊಟದ ಹೊತ್ತಿಗೆ ತಟ್ಟೆ ಹಿಡಿದು ನೆಟ್ಟಗೆ ನನ್ನೆದುರಿಗೇ ಬಂದು ನಿಂತ.

"ನೀವೇನಾ ಒಂಬತ್ತು ವರ್ಷದಿಂದ ನನ್ನ ಬೈತಿರೋರು?" ನಾನು ಬಿಡಲಿಲ್ಲ.

"ಬೈದಿಲ್ಲ. ಒಪ್ಪಿಲ್ಲ, ಅಷ್ಟೇ."

"ನೀರು ಬಿಸಿಯಾಗಿ ಅಷ್ಟಪದಿಗಳು ಆಳಕ್ಕೆ ಹೋಗ್ತಿವೆ ಅಂದ್ರೆ ಒಪ್ಪೋದಕ್ಕೆ ನಿಮಗೇನು ರೋಗ?"

"ಆಳಕ್ಕೆ ಹೋಗಿಲ್ಲ, ಬೆಳೆಯೋ ಮುಂಚೆ ನಾವೇ ಹಿಡಿದು ತಿಂತಿದೀವಿ. ಈಗ ನಿಮ್ಮ ತಟ್ಟೆಯಲ್ಲೇ ಒಂದಿದೆ."

ತಟ್ಟೆ ನೋಡಿಕೊಂಡೆ. ನಗು ಬಂತು, ತಡೆದುಕೊಂಡೆ. ಅವನು ಅದನ್ನು ಕಂಡ. ಕಂಡೂ ಕಾಣದವನ ಹಾಗೆ ನಿಂಬೆ ಹೋಳನ್ನು ನನ್ನ ಕಡೆ ಸರಿಸಿದ.

ಆಮೇಲೆ ದನಿ ತಗ್ಗಿಸಿ ಕೇಳಿದ. "ಒಂದು ವಿಷಯ ತುಂಬ ದಿನದಿಂದ ಕೇಳ್ಬೇಕು ಅನ್ಕೊಂಡಿದ್ದೆ. ನೀವು ಪ್ರತಿ ಚಳಿಗಾಲವೂ ಅಷ್ಟಪದಿ ಬಂದು ಅಡಗೋ ಮಡಕೆಗಳನ್ನ ಸಮುದ್ರಕ್ಕೆ ಇಳಿಸಿ ಅಳತೆ ತಗೊಂಡಿದೀರಿ. ಮಧ್ಯದಲ್ಲಿ ಒಂದು ಚಳಿಗಾಲದ್ದು ಮಾತ್ರ ನಿಮ್ಮ ಯಾವ ಲೇಖನದಲ್ಲೂ ಇಲ್ಲ. ಯಾಕೆ? ಆ ವರ್ಷ ಏನಾಯ್ತು?"

ಆ ಚಳಿಗಾಲ ಅಮ್ಮ ಆಸ್ಪತ್ರೆಯಲ್ಲಿದ್ದಳು. ನಾನು ಸಮುದ್ರದ ಕಡೆ ತಲೆ ಹಾಕಿರಲಿಲ್ಲ. ಮಾರ್ಚ್‌ನಲ್ಲಿ ಅಮ್ಮ ಹೋದಳು. ನನ್ನ ವಿಭಾಗದವರು, ನನ್ನ ಲೇಖನಗಳನ್ನು ತಿದ್ದಿ ಪ್ರಕಟಿಸಿದವರು, ಅವನ್ನು ಹೆಸರಿಸಿದ ದೇಶವಿದೇಶದ ವಿದ್ವಾಂಸರು, ಒಬ್ಬರಿಗೂ ಆ ಖಾಲಿ ಜಾಗ ಕಂಡಿರಲಿಲ್ಲ.

"ಅಮ್ಮ ತೀರಿಕೊಂಡ್ರು," ಎಂದೆ.

"ಹಾಗೇ ಏನೋ ಇರಬೇಕು ಅನ್ಕೊಂಡಿದ್ದೆ," ಎಂದ ಮೆಲ್ಲಗೆ. "ಮುಂದಿನ ವರ್ಷದ ಲೇಖನದಲ್ಲಿ ನಿಮ್ಮ ವಾಕ್ಯಗಳು ಗಿಡ್ಡ ಆಗ್ಬಿಟ್ಟಿದ್ವು."

ಅವತ್ತು ಮನೆಗೆ ಹೋಗಿ ನನ್ನ ಮಿಕ್ಕ ಉಲ್ಲೇಖಗಳನ್ನೆಲ್ಲ ಕೂತು ಓದಿದೆ. ಒಬ್ಬ ನಾನು ಕಂಡೇ ಇರದ ಮೀನಿನ ವಿಷಯಕ್ಕೆ ನನ್ನನ್ನು ಹೆಸರಿಸಿದ್ದ. ಅದನ್ನೇ ನಕಲು ಹೊಡೆದು ಇನ್ನೂ ಕೆಲವರು ಹೆಸರಿಸಿದ್ದರು. ಅವೆಲ್ಲ ನನ್ನ ಸಂಖ್ಯೆಗೆ ಸೇರಿದ್ದವು. ನಾನು ಬರೆದದ್ದನ್ನು ಮೊದಲಿಂದ ಕೊನೆಯವರೆಗೆ ಓದಿದವನು ಒಬ್ಬನೇ, ನನ್ನೊಡನೆ ಜಗಳವಾಡಿದವನು.

ಚಳಿಗಾಲವಿಡೀ ಅವನು ಏನಾದರೊಂದು ನೆಪ ಮಾಡಿಕೊಂಡು ಬಂದ. ಹಲವರು ಹಂಚಿಕೊಂಡು ಕೂರುವ ಲೂಆಜ್ ಟ್ಯಾಕ್ಸಿಯಲ್ಲಿ ಮೊಣಕಾಲು ಮಡಚಿ ಕೂತು ಝರ್ಝೀಸ್‌ನಿಂದ ಬಂದಿಳಿದು, "ನಿಮ್ಮ ಮಡಕೆ ಪರೀಕ್ಷೆ ಮಾಡೋಕೆ ಬಂದೆ" ಎನ್ನುತ್ತಿದ್ದ. ಪ್ರಯಾಣಿಕರ ಹಡಗು ಹತ್ತಿ ಕೆರ್ಕೆನ್ನಾಕ್ಕೆ ಹೋಗುತ್ತಿದ್ದೆವು. ಅಲ್ಲಿ ನನ್ನ ಸೋದರಮಾವ ಬಶೀರ್ ತನ್ನ ಪುಟ್ಟ ದೋಣಿಯಲ್ಲಿ ನಮ್ಮನ್ನು ಕರೆದೊಯ್ದು ಹಗ್ಗ ಎಳೆಯುತ್ತಿದ್ದ. ಒಂದೊಂದೇ ಮಣ್ಣಿನ ಮಡಕೆ ನೀರು ಸುರಿಸುತ್ತ ಮೇಲೆ ಬರುತ್ತಿತ್ತು.

ಒಂದು ಸಲ ಮಡಕೆಯಲ್ಲಿದ್ದ ಅಷ್ಟಪದಿ ನೌಫೆಲ್‌ನ ತೋಳನ್ನು ಸುತ್ತಿಕೊಂಡು ಬಿಡಲೇ ಇಲ್ಲ.

"ಎಳೀಬೇಡ, ಸುಮ್ನಿರು. ಎಳೆದಷ್ಟೂ ಬಿಗಿ ಮಾಡುತ್ತೆ," ಎಂದೆ. ಮೊದಲ ಸಲ ಏಕವಚನ ಬಾಯಿಂದ ಜಾರಿತ್ತು. ಅವನು ತೋಳನ್ನು ಮರೆತು ನನ್ನನ್ನೇ ನೋಡಿದ. ಒಂದೊಂದೇ ಬಾಹುವನ್ನು ಬಿಡಿಸುವಾಗ ನನ್ನ ಬೆರಳು ಅವನ ಚರ್ಮದ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತದ್ದು ನನಗೂ ಗೊತ್ತು, ಅವನಿಗೂ ಗೊತ್ತು.

"ಅಳತೆ ಮುಗೀತಾ, ಇನ್ನೂ ಇದೆಯಾ?" ಬಶೀರ್ ಮಾವ ಆ ಕಡೆ ಮುಖ ಮಾಡಿಯೇ ಕೇಳಿದ. ನನ್ನ ಕಿವಿ ಕೆಂಪಾಯಿತು.

ಸ್ಫಾಕ್ಸ್‌ಗೆ ವಾಪಸ್ ಬರುವ ಹಡಗಿನಲ್ಲಿ, ಕಂಬಿಗೆ ಒರಗಿ ನಿಂತು, ಅವನು ಸುತ್ತು ಬಳಸದೆ ಹೇಳಿಬಿಟ್ಟ.

"ಒಲ್ಫಾ, ನನ್ನ ಮದುವೆ ಆಗ್ತೀಯಾ? ಉತ್ತರ ಈಗ ಬೇಡ. ನಿನ್ನ ಬಡ್ತಿ ಮುಗೀಲಿ."

"ಬಡ್ತಿಗೂ ಇದಕ್ಕೂ ಏನು?"

"ನಿಯಮ ಓದಿದೀನಿ. ಮದುವೆ ಗೊತ್ತಾದ್ರೂ ಸಾಕು, ನಾನು ಬರೆದಿದ್ದೆಲ್ಲ ಹೊಡೆದು ಹಾಕ್ತಾರೆ. ನಿನ್ನ ಕಿಟಕಿ ಹೋಗುತ್ತೆ. ಏಪ್ರಿಲ್‌ನಲ್ಲಿ ಸಮಿತಿ ಕೂರೋವರೆಗೆ ಬಾಯಿ ಮುಚ್ಕೊಂಡಿರೋಣ. ಆಮೇಲೆ ಬೇಕಾದ್ರೆ ಊರಿಗೆಲ್ಲ ಡಂಗುರ ಸಾರು."

ಗಾಳಿಗೆ ಕಣ್ಣಲ್ಲಿ ನೀರು ಬಂತು ಎಂದು ಅವನಿಗೆ ಹೇಳಿದೆ. "ಉತ್ತರ ಈಗಲೇ ಇದೆ. ಹೂಂ. ಆದ್ರೆ ಯಾರಿಗೂ ಹೇಳ್ಬೇಡ."

ಸೀ ಹೆದಿಗೆ ಹೇಳುವ ಅಗತ್ಯವೇ ಬೀಳಲಿಲ್ಲ. ನನ್ನ ಮುಖ ನೋಡಿದ್ದೇ ಆತ ಕಿವಿ ಮುಚ್ಚಿಕೊಂಡ. "ನಂಗೇನೂ ಹೇಳ್ಬೇಡಿ ಮೇಡಂ. ಸಮಿತಿ ಮುಂದೆ 'ಸಂಬಂಧ ಇಲ್ಲ' ಅಂದ್ಬಿಟ್ಟು ಎದ್ದು ಬನ್ನಿ. ನಾನು ಮದುವೆ ಊಟಕ್ಕೆ ಬರ್ತೀನಿ."

ಏಪ್ರಿಲ್‌ನ ಆ ಬೆಳಿಗ್ಗೆ ಐವರು ಸದಸ್ಯರ ಎದುರು ಕೂತೆ. ಅಧ್ಯಕ್ಷೆ ರಶೀದಾ ಮೇಡಂ ನನಗೇ ಪಾಠ ಹೇಳಿದವರು, ಒಳ್ಳೆಯ ಮನಸ್ಸಿನವರು. ಕಡತವನ್ನು ಬಹಳ ಹೊತ್ತು ತಿರುವಿ ಹಾಕಿದರು.

"ಎಲ್ಲ ಸರಿಯಾಗಿದೆ ಕಣಮ್ಮ. ಈ ನೌಫೆಲ್ ಮಾತ್ರ... ಇಷ್ಟೊಂದು ಯಾಕೆ ಬರೆದಿದಾನೆ? ನಿಮ್ಮಿಬ್ಬರಿಗೂ ಏನಾದ್ರೂ ಸಂಬಂಧ?"

ಒಂದು 'ಇಲ್ಲ' ಸಾಕಿತ್ತು. ಅವರ ಪೆನ್ನು ಸಹಿಗೆ ಸಿದ್ಧವಾಗಿ ನಿಂತಿತ್ತು. ದ್ವೀಪದ ಕೋಣೆ ಕಣ್ಣಮುಂದೆಯೇ ಇತ್ತು. ಆದರೆ ಅವನ ಪ್ರಶ್ನೆ ಕಿವಿಯಲ್ಲಿತ್ತು: ಆ ವರ್ಷ ಏನಾಯ್ತು? ಇಡೀ ಲೋಕದಲ್ಲಿ ನನ್ನನ್ನು ಓದಿದ ಒಬ್ಬನನ್ನು ಈ ಕೋಣೆಯಲ್ಲಿ ಕೂತು ಯಾರೋ ಪರಕೀಯ ಎಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ.

"ಅವನು ಬರೆದಾಗ ಇರಲಿಲ್ಲ ಮೇಡಂ. ಆಗ ಅವನ ಮುಖವನ್ನೂ ನೋಡಿರಲಿಲ್ಲ. ಈಗ ಇದೆ. ಬೇಸಿಗೆಯಲ್ಲಿ ನಮ್ಮ ಮದುವೆ."

ಯಾರೋ ಕೆಮ್ಮಿದರು. ರಶೀದಾ ಮೇಡಂ ಕನ್ನಡಕ ತೆಗೆದರು. "ಹುಡುಗಿ, ಇದನ್ನ ನಾಳೆ ಹೇಳೋಕಾಗ್ತಿರಲಿಲ್ವಾ?"

"ಆಗ್ತಿತ್ತು. ನೀವು ಇವತ್ತು ಕೇಳಿದ್ರಿ."

"ನಿಯಮ ನಿಯಮವೇ. ಕಳೆದ್ರೆ ಆರಕ್ಕೆ ಬರ್ತೀಯ."

"ಗೊತ್ತು. ಕಳೀರಿ."

ಅವರು ತಲೆ ತಗ್ಗಿಸಿ ಗೆರೆ ಎಳೆಯತೊಡಗಿದರು. ಒಂಬತ್ತು ವರ್ಷದ ಜಗಳ ಒಂದೊಂದಾಗಿ ಅಳಿಸಿಹೋಗುವುದನ್ನು ನೋಡುತ್ತ ಕೂತೆ. ಅಳು ಬರಲಿಲ್ಲ.

ನೌಫೆಲ್ ಫ್ಯಾಕಲ್ಟಿಯ ಎದುರಿನ ಕೆಫೆಯಲ್ಲಿ, ತಣ್ಣಗಾದ ಕಾಫಿಯ ಮುಂದೆ ಕಾಯುತ್ತಿದ್ದ. ನನ್ನನ್ನು ಕಂಡದ್ದೇ ಎದ್ದು ನಿಂತ.

"ಎಷ್ಟು?"

"ಆರು."

ಅವನ ಮುಖ ಬಿಳಚಿಕೊಂಡಿತು. "ಹೇಳ್ಬಿಟ್ಯಾ? ಯಾಕೆ ಒಲ್ಫಾ? ನಿನ್ನ ಕಿಟಕಿ..."

"ಇನ್ನೂ ನಾಲ್ಕು ಲೇಖನ ಬೇರೆಯವರು ಓದೋವರೆಗೆ ಕಾಯುತ್ತೆ. ಬಶೀರ್ ಮಾವನ ಮನೇಲೂ ಕಿಟಕಿ ಇದೆ."

ಅವನು ಕುಸಿದು ಕೂತ. ಬ್ಯಾಗಿನಿಂದ ಮಡಚಿದ ಕೆಲವು ಹಾಳೆಗಳನ್ನು ತೆಗೆದು, ಕೊಡಲೋ ಬೇಡವೋ ಎಂಬಂತೆ ಹಿಡಿದುಕೊಂಡ. "ಹೊಸ ಲೇಖನ. ನಿನಗೆ ಉಡುಗೊರೆ ಕೊಡೋಣ ಅಂತ ತಂದಿದ್ದೆ. ಈ ಚಳಿಗಾಲ ಆಳದಲ್ಲೂ ಮಡಕೆ ಇಳಿಸ್ದೆ. ಅಲ್ಲಿದಾವೆ. ದೊಡ್ಡವು. ನೀನು ಹೇಳಿದ್ದೇ ಸರಿ ಅಂತ ಮೊದಲನೇ ಸಲ ಬರೆದಿದೀನಿ. ಈಗ ಇದೂ ಲೆಕ್ಕಕ್ಕೆ ಬರಲ್ಲ."

ಅವನ ಪಕ್ಕದ ಕುರ್ಚಿ ಎಳೆದು ಭುಜಕ್ಕೆ ಭುಜ ತಾಗುವಂತೆ ಕೂತೆ.

"ಓದು," ಎಂದೆ. "ಜೋರಾಗಿ."

ಓದಿದ. ನನ್ನ ಹೆಸರು ಬಂದ ಕಡೆ ಅವನ ದನಿ ನಡುಗಿತು. ಎಷ್ಟೋ ವರ್ಷದಿಂದ ತಡೆದಿಟ್ಟುಕೊಂಡಿದ್ದ ಅಳು ಆಗ ಬಂತು. ಪಕ್ಕದ ಮೇಜಿನವರು ನೋಡುತ್ತಿದ್ದರು, ನೋಡಲಿ ಎಂದು ಬಿಟ್ಟೆ. ಎರಡನೇ ಪುಟಕ್ಕೆ ಬಂದಾಗ ಅವನ ಕೈ ಹಿಡಿದು ನಿಲ್ಲಿಸಿದೆ.

"ತಾಳು. ಇದು ತಪ್ಪು. ಇಷ್ಟು ಆಳದಲ್ಲಿ ನೀರು ಅಷ್ಟು ತಣ್ಣಗಿರಲ್ಲ."

"ಶುರುವಾಯ್ತಾ?" ಎಂದು ಅವನು ನಕ್ಕ, ಕಣ್ಣೊರೆಸಿಕೊಂಡು ಪೆನ್ನು ತೆಗೆದು ನನ್ನ ಕೈಗೆ ಕೊಟ್ಟ.