ಹಳದಿ ಸೀರೆಯ ಹತ್ತೊಂಬತ್ತು ಬಿಲ್ಲೆಗಳು

೧೯೮೪ನೇ ಇಸವಿ ಅಕ್ಟೋಬರ್ ೧೪, ಭಾನುವಾರ. ನನ್ನ ಡೈರಿಯ ಆ ಪುಟದಲ್ಲಿ ಹೀಗಿದೆ: 'ಮೊಮ್ಮಕ್ಕಳು ಹಳೆಯ ಸ್ಲೈಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅವುಗಳಲ್ಲಿ ನಾಲ್ಕಕ್ಕೆ ಬೂಷ್ಟು ಹಿಡಿದಿದೆ. ಏಕೆಂದು ಕೇಳಿದ್ದಕ್ಕೆ ಈ ಕತೆ ಹೇಳಿದೆ.' ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ.

ಬಹಳ ಹಿಂದೆ ಕನ್ನಡಿಕೆರೆ ಎಂಬ ರಾಜ್ಯದಲ್ಲಿ ಜನರ ಮುಖಗಳನ್ನು ಸಣ್ಣ ಗಾಜಿನ ಬಿಲ್ಲೆಗಳಲ್ಲಿ ಹಿಡಿದಿಡುತ್ತಿದ್ದರು. ಬೆಳಕಿಗೆ ಹಿಡಿದರೆ ಮುಖ ಕಾಣುತ್ತಿತ್ತು. ಬಿಲ್ಲೆ ಹಾಳಾದರೆ ಆ ಮುಖ ಎಲ್ಲರ ನೆನಪಿನಿಂದಲೂ ಅಳಿದುಹೋಗುತ್ತಿತ್ತು.

ಅಲ್ಲಿ ಕೇಶಿಗ ಎಂಬುವನಿದ್ದ. ಪಾಳುಬಿದ್ದ ಮನೆಗಳ ಅಟ್ಟಗಳಿಂದ, ಗುಜರಿಯವರ ಗಾಡಿಗಳಿಂದ ಯಾರು ಯಾರದೋ ಬಿಲ್ಲೆಗಳನ್ನು ಹೊತ್ತು ತರುತ್ತಿದ್ದ. ಅವನ ಬಳಿ ಹಾಲುಗಲ್ಲು ಎಂಬ ಮಾಯದ ಹಲಗೆಯಿತ್ತು. ಬಿಲ್ಲೆಯನ್ನು ಒರೆಸಿ, "ಯಾರೋ ಏನೋ, ನಮ್ಮವರೇ" ಎಂದು ಹೇಳಿ ಅದರ ಮೇಲಿಟ್ಟರೆ, ಒಂದು ಬೆಳಕಿನ ಗೆರೆ ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಹರಿಯುತ್ತಿತ್ತು. ಗೆರೆ ದಾಟಿದಷ್ಟು ಚಿತ್ರ ಕಲ್ಲಿನೊಳಗೆ ಇಳಿಯುತ್ತಿತ್ತು. ಆಮೇಲೆ ಆ ಮುಖಕ್ಕೆ ಅಳಿವಿರಲಿಲ್ಲ.

ಅವನ ಹೆಂಡತಿ ಹಂಸಾವತಿಯ ಬಳಿ ಒಂದೇ ಬಿಲ್ಲೆಯಿತ್ತು. ಮದುವೆಯ ದಿನ ತಾಯಿ ಅವಳಿಗೆ ಹೂ ಮುಡಿಸುತ್ತಿದ್ದ ಚಿತ್ರ. ಅದರಲ್ಲಿ ಹಂಸಾವತಿಯ ಬೆನ್ನು ಕಾಣುತ್ತಿತ್ತು, ತಾಯಿಯ ಮುಖ ಕಾಣುತ್ತಿತ್ತು. ತಾಯಿ ಈಗ ಇರಲಿಲ್ಲ.

"ಇದನ್ನೂ ಕಲ್ಲಿಗಿಡಿ ಅಂದ್ರೆ," ಎನ್ನುತ್ತಿದ್ದಳು.

"ಮನೆಯದು ಮನೆಯಲ್ಲೇ ಇದೆಯಲ್ಲ. ಮೊದಲು ಊರಿನದು ಮುಗೀಲಿ," ಎನ್ನುತ್ತಿದ್ದ ಕೇಶಿಗ.

ಒಂದು ದಿನ ಅವನು ನೆರೆಯಲ್ಲಿ ತೇಲಿಬಂದ ಪೆಟ್ಟಿಗೆಯೊಂದನ್ನು ತಂದ. ಅದರಲ್ಲಿ ಹತ್ತೊಂಬತ್ತು ಬಿಲ್ಲೆಗಳು. ಹತ್ತೊಂಬತ್ತರಲ್ಲೂ ಹಳದಿ ಸೀರೆಯ ಒಬ್ಬಳೇ ಹೆಂಗಸು. ಕೇಶಿಗ ಅವನ್ನು ಕಲ್ಲಿಗಿಡದೆ ದಿನವಿಡೀ ನೋಡುತ್ತ ಕೂತ.

"ಅನ್ನ ಆರಿಹೋಯ್ತು."

"ಹೂಂ."

"ಆ ಸೀರೆಯವಳಿಗೂ ಒಂದು ತಟ್ಟೆ ಇಡಲೇ?"

"ಹೂಂ," ಎಂದ ಕೇಶಿಗ, ಕಣ್ಣೆತ್ತದೆ.

ಹಂಸಾವತಿಯ ಹೊಟ್ಟೆಯಲ್ಲಿ ಕೆಂಡ ಬಿತ್ತು.

ಬೆಟ್ಟದ ಗವಿಯಲ್ಲಿ ಬೂಷ್ಟಮ್ಮ ಎಂಬ ಮಾಟಗಾತಿಯಿದ್ದಳು. ತೇವ ಅವಳ ಉಸಿರು, ಬಿಲ್ಲೆಗಳು ಅವಳ ಊಟ. ಹೊಟ್ಟೆಕಿಚ್ಚಿನ ವಾಸನೆ ಹಿಡಿದು ಅವಳು ಹೊತ್ತು ಮುಳುಗಿದ ಮೇಲೆ ಬಾಗಿಲಿಗೆ ಬಂದಳು. "ಮಗಳೇ, ಆ ಪೆಟ್ಟಿಗೆ ಕೊಡು. ಅವಳ ಕಾಟ ತಪ್ಪಿಸ್ತೀನಿ." ಮೊದಲ ದಿನ ಹಂಸಾವತಿ ಕೊಡಲಿಲ್ಲ. ಎರಡನೆಯ ದಿನವೂ ಕೊಡಲಿಲ್ಲ. ಮೂರನೆಯ ದಿನ ಕೇಶಿಗ ಬಿಲ್ಲೆ ಹಿಡಿದುಕೊಂಡು ಒಬ್ಬನೇ ನಕ್ಕ. ಕತ್ತಲಾದ ಮೇಲೆ ಅವನು ಸ್ನಾನಕ್ಕೆ ಹೋದಾಗ ಅವಳು ಪೆಟ್ಟಿಗೆ ಕೊಟ್ಟುಬಿಟ್ಟಳು.

ಮರುದಿನ ಬೆಳಿಗ್ಗೆ ಬೊಮ್ಮಯ್ಯ ಎಂಬ ಮುದುಕ ಬಂದ.

"ಕಳೆದುಹೋದ ಬಿಲ್ಲೆಗಳು ಇಲ್ಲಿ ಸಿಗುತ್ತವಂತಲ್ಲ, ತಾಯಿ. ನೆರೆಯಲ್ಲಿ ನನ್ನ ಪೆಟ್ಟಿಗೆ ಹೋಯ್ತು. ಅದರಲ್ಲಿ ಯಾರಿದ್ದರು ಅನ್ನೋದು ನಿನ್ನೆಯಿಂದ ಮರೆತುಹೋಗಿದೆ. ಊಟಕ್ಕೆ ಎರಡು ಎಲೆ ಹಾಕ್ತೀನಿ. ಎರಡನೇದು ಯಾರಿಗೆ ಅಂತ ಗೊತ್ತಾಗ್ತಿಲ್ಲ."

ಹಂಸಾವತಿ ಒಳಗೆ ಓಡಿದಳು. ಗಂಡನಿಗೆ ನಡೆದದ್ದನ್ನೆಲ್ಲ ಹೇಳಿದಳು.

ಕೇಶಿಗ ಬೈಯಲಿಲ್ಲ. "ನಾನು ಅವಳನ್ನು ನೋಡ್ತಿರಲಿಲ್ಲ ಕಣೇ. ಪ್ರತಿ ಚಿತ್ರದ ಕೆಳತುದಿಯಲ್ಲಿ ಒಂದು ನೆರಳಿತ್ತು, ಚಿತ್ರ ಹಿಡಿದವನದು. ಒಬ್ಬಳನ್ನೇ ಅಷ್ಟು ಸಲ ನೋಡಿಯೂ ಸಾಲದವನು ಯಾರಪ್ಪಾ ಅಂತ ಅವನ ಮೇಲೆ ಹೊಟ್ಟೆಕಿಚ್ಚು. ನಾನು ನಿನ್ನನ್ನು ಹಾಗೆ ಒಂದು ಸಲವಾದರೂ ನೋಡಿದ್ದೀನಾ?"

"ಇಲ್ಲ," ಎಂದಳು ಹಂಸಾವತಿ. ತನ್ನ ಒಂದೇ ಬಿಲ್ಲೆಯನ್ನು ಸೆರಗಿಗೆ ಕಟ್ಟಿಕೊಂಡು ಬೆಟ್ಟ ಹತ್ತಿದಳು.

ಗವಿಯ ಮೊದಲ ಬಾಗಿಲಲ್ಲಿ ಕರಡಿ ಅಡ್ಡ ನಿಂತಿತು. "ಸುಳ್ಳು ಹೇಳಿದವರನ್ನು ತಿನ್ನುತ್ತೇನೆ. ಪೆಟ್ಟಿಗೆ ಕೊಟ್ಟವರು ಯಾರು?"

"ನಾನೇ."

ಎರಡನೆಯ ಬಾಗಿಲಲ್ಲಿ ಹೆಬ್ಬಾವು ಹೆಡೆಯಿಲ್ಲದ ತಲೆಯೆತ್ತಿತು. "ಸುಳ್ಳು ಹೇಳಿದವರನ್ನು ನುಂಗುತ್ತೇನೆ. ಆ ಹೆಂಗಸಿನ ಮೇಲೆ ಈಗಲೂ ಹೊಟ್ಟೆಕಿಚ್ಚಿದೆಯೇ?"

"ಇದೆ. ನಿನ್ನೆಗಿಂತ ಹೆಚ್ಚಿದೆ."

ಮೂರನೆಯ ಬಾಗಿಲಲ್ಲಿ ಆನೆಗಾತ್ರದ ಬಾವಲಿ ತೂಗುತ್ತಿತ್ತು. "ಮತ್ತೇಕೆ ಬಂದೆ?"

"ಎರಡನೇ ಎಲೆ ಖಾಲಿಯಿದೆ."

ಬಾವಲಿ ರೆಕ್ಕೆ ಸರಿಸಿತು.

ಒಳಗೆ ಬೂಷ್ಟಮ್ಮ ಹತ್ತೊಂಬತ್ತು ಬಿಲ್ಲೆಗಳಿಗೂ ಬಿಳಿ ಬೂಷ್ಟು ಹೊದಿಸಿ, ಊಟಕ್ಕೆ ಮಾಗಲಿ ಎಂದು ಕಾದು ಕೂತಿದ್ದಳು. "ಇವನ್ನು ಬೇಕಾದರೆ ಒಯ್ಯಿ. ಬದಲಿಗೆ ನಿನ್ನ ಸೆರಗಿನಲ್ಲಿರುವುದನ್ನು ಕೊಡು."

ಹಂಸಾವತಿ ಗಂಟು ಬಿಚ್ಚಿ ಕೊಟ್ಟಳು. ಕೊಟ್ಟ ಮೇಲೆ ಕೇಳಿದಳು, "ಇಷ್ಟೊಂದು ತಿಂದಿದ್ದೀರಲ್ಲ, ಅಮ್ಮ. ಒಂದನ್ನಾದರೂ ನೋಡಿದ್ದೀರಾ?"

ಮಾಟಗಾತಿ ಕೈಯಲ್ಲಿದ್ದ ಬಿಲ್ಲೆಯನ್ನು ತಿರುಗಿಸಿ ನೋಡಿದಳು. ಕತ್ತಲ ಗವಿಯಲ್ಲಿ ಬಿಲ್ಲೆಯೊಳಗೆ ಏನು ಕಂಡೀತು? ಸಾವಿರ ವರ್ಷ ತಿಂದಿದ್ದಳು, ಒಂದು ಮುಖವನ್ನೂ ಕಂಡಿರಲಿಲ್ಲ. "ನೀವೆಲ್ಲ ಬಾಯಿಬಿಟ್ಟುಕೊಂಡು ನೋಡುವಂಥದ್ದು ಅದರಲ್ಲಿ ಏನಿದೆಯೇ?"

"ಬೆಳಕಿಗೆ ಹಿಡಿದವರಿಗೇ ಗೊತ್ತು."

ಬೂಷ್ಟಮ್ಮನಿಗೂ ಹೊಟ್ಟೆಕಿಚ್ಚು ಹತ್ತಿತು. ಮನುಷ್ಯರಿಗೆ ಕಂಡದ್ದು ತನಗೇಕೆ ಕಾಣಬಾರದು? ಗವಿಯ ಬಾಯಿಗೆ ನಡೆದು ಬಿಲ್ಲೆಯನ್ನು ಸೂರ್ಯನಿಗೆ ಹಿಡಿದಳು. "ಓ, ಹೂ ಮುಡಿಸುತ್ತಿದ್ದಾಳೆ," ಎಂದಳು. ಅಷ್ಟರಲ್ಲಿ ಬಿಸಿಲು ಬಡಿದು, ನಿಂತಲ್ಲೇ ಒಣಗಿ ಪುಡಿಯಾಗಿ ಉದುರಿದಳು. ಒಳಗಿದ್ದ ಹತ್ತೊಂಬತ್ತು ಬಿಲ್ಲೆಗಳ ಬೂಷ್ಟೂ ಅವಳೊಂದಿಗೇ ಉದುರಿತು.

ಹಂಸಾವತಿ ತಂದುಕೊಟ್ಟ ಪೆಟ್ಟಿಗೆಯಿಂದ ಬೊಮ್ಮಯ್ಯ ಮೊದಲ ಬಿಲ್ಲೆಯನ್ನು ತೆಗೆದು ಬೆಳಕಿಗೆ ಹಿಡಿದ. "ಕೆಂಚಮ್ಮ," ಎಂದ. "ನನ್ನ ಹೆಂಡತಿ. ಸತ್ತು ಹನ್ನೆರಡು ವರ್ಷವಾಯ್ತು. ಈ ಸೀರೆ ಅವಳಿಗೆ ಇಷ್ಟವೇ ಇರಲಿಲ್ಲ, ನನಗೋಸ್ಕರ ಉಡ್ತಿದ್ದಳು." ಆ ಮಧ್ಯಾಹ್ನ ಎರಡು ಎಲೆ ಹಾಕಿ ನೆಮ್ಮದಿಯಾಗಿ ಉಂಡ. ಕೇಶಿಗ ಹತ್ತೊಂಬತ್ತನ್ನೂ ಹಾಲುಗಲ್ಲಿಗಿಟ್ಟ. ಅಂದಿನಿಂದ ಕನ್ನಡಿಕೆರೆಯಲ್ಲಿ ಯಾರ ಬಿಲ್ಲೆಗೂ ಬೂಷ್ಟು ಹಿಡಿಯಲಿಲ್ಲ. ಹಂಸಾವತಿ ಎದುರಿಗೆ ಬಂದಾಗಲೆಲ್ಲ ಕೇಶಿಗ ಕೈಯ ಕೆಲಸ ನಿಲ್ಲಿಸಿ ತಲೆಯೆತ್ತಿ ನೋಡುತ್ತಿದ್ದ. ರಾಜ್ಯದವರೆಲ್ಲ ಉಂಡುಟ್ಟು ಚೆನ್ನಾಗಿದ್ದರು, ಅವರಿಬ್ಬರೂ ಚೆನ್ನಾಗಿದ್ದರು.

ಇದಕ್ಕೆ ತೆತ್ತದ್ದು ಒಂದು ಬಿಲ್ಲೆ. ಮಾಟಗಾತಿಯ ಹೆಬ್ಬೆರಳು ಒತ್ತಿದ್ದ ಕಡೆ ಅದರ ಬಣ್ಣ ಪೂರಾ ಎದ್ದುಹೋಗಿತ್ತು. ಹಂಸಾವತಿಗೆ ತಾಯಿಯ ಕೈಗಳು ನೆನಪಿದ್ದವು, ಮಲ್ಲಿಗೆಯ ದಂಡೆ ನೆನಪಿತ್ತು, ಜಡೆ ಎಳೆದಾಗ ಆದ ನೋವೂ ನೆನಪಿತ್ತು. ಮುಖ ಮಾತ್ರ ಕೊನೆಯವರೆಗೂ ನೆನಪಾಗಲಿಲ್ಲ.